ಕೈಗೆ ಗೊತ್ತಿತ್ತು

ಜೋಡಿಯಕ್ಕನ ಬಲಗೈ ಸುಟ್ಟದ್ದಕ್ಕೆ ಜೋಡಿಯಕ್ಕನೇ ಕಾರಣ ಎಂದು ವರದಿ ಬರೆದು ಅವಳನ್ನು ಕೆಲಸದಿಂದ ತೆಗೆದರು. ಪುರಾವೆಗೆಂದು, ಹೊಸ ವರ್ಷದ ದಿನ ಅವಳ ಹೆಸರಿನಲ್ಲಿ ಗೋಡೆಗೆ ಅಂಟಿಸಿದ್ದ ಸಂಕಲ್ಪದ ಚೀಟಿಯನ್ನು ವರದಿಗೆ ಪಿನ್ನು ಚುಚ್ಚಿ ಸೇರಿಸಿದರು. ಚೀಟಿಯಲ್ಲಿ ‘ಈ ವರ್ಷ ನನ್ನ ಕೈ ಒಂದು ಗಳಿಗೆಯೂ ನಿಲ್ಲುವುದಿಲ್ಲ’ ಎಂದಿತ್ತು. ಜೋಡಿಯಕ್ಕನಿಗೆ ಓದು ಬರಹ ಬರುವುದಿಲ್ಲ. ಚೀಟಿ ಬರೆದುಕೊಟ್ಟವಳು ಮುತ್ತಕ್ಕ.

ಮುತ್ತಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಲಾಂಡ್ರಿಯ ಹೆಂಗಸರು ಕಟ್ಟಿದ್ದು. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿ ಅದು. ಬಾಗಿಲಿನ ಕಡೆ ಒಗೆಯುವ ಯಂತ್ರಗಳು, ನಡುವೆ ಹಿಂಡುವ ಯಂತ್ರ, ಕೊನೆಗೆ ಎರಡು ಆಳುದ್ದದ ಇಸ್ತ್ರಿ ಉರುಳೆ. ಒಳಗೆ ಹಬೆ ಓಡಾಡಿ ಕಾದು ಕೂತಿರುವ ಆ ಉರುಳೆಯ ಮುಂದೆ ಇಬ್ಬರು ನಿಲ್ಲಬೇಕು. ಒದ್ದೆ ಚಾದರದ ಒಂದು ಮೂಲೆ ಇವಳ ಕೈಲಿ, ಇನ್ನೊಂದು ಅವಳ ಕೈಲಿ. ಇಬ್ಬರೂ ಒಟ್ಟಿಗೆ ಜಗ್ಗಿ, ಸುಕ್ಕು ಬಿಡಿಸಿ, ಒಟ್ಟಿಗೆ ಉರುಳೆಯ ಬಾಯಿಗೆ ಕೊಡಬೇಕು. ಆಚೆ ಮೂಲೆ ಹಿಡಿದವಳನ್ನು ಅಲ್ಲಿ ಜೋಡಿ ಎನ್ನುತ್ತಾರೆ. ಮುತ್ತಕ್ಕನಿಗೆ ಒಂಬತ್ತು ವರ್ಷ ಒಬ್ಬಳೇ ಜೋಡಿ. ತನಗಿಂತ ಆರೇಳು ವರ್ಷ ದೊಡ್ಡವಳು, ಹಾಗಾಗಿ ಅಕ್ಕ. ಮಾತಿಲ್ಲದೆ ಬಟ್ಟೆಯ ಜಗ್ಗಿನಲ್ಲೇ ಒಬ್ಬರಿಗೊಬ್ಬರ ಮನಸ್ಸು ತಿಳಿಯುತ್ತಿತ್ತು. ಈ ದಿನ ಇವಳು ಗಂಡನ ಜತೆ ಜಗಳ ಆಡಿಕೊಂಡು ಬಂದಿದ್ದಾಳೆ ಅನ್ನುವುದು ಜೋಡಿಯಕ್ಕನಿಗೆ ಮೊದಲನೇ ಚಾದರದಲ್ಲೇ ಗೊತ್ತಾಗುತ್ತಿತ್ತು.

“ಯಾಕೆ, ಆ ಯಪ್ಪನ ಜುಟ್ಟು ಅಂದ್ಕೊಂಡು ಎಳೀತಿದೀಯಾ? ಮೆತ್ತಗೆ ಎಳಿ. ಬಟ್ಟೆ ಏನು ಮಾಡಿತ್ತು ಪಾಪ.”

ಸಂಕಲ್ಪದ ಚೀಟಿಗಳ ಪದ್ಧತಿ ತಂದವನು ಸೂಪರ್‌ವೈಸರ್. ಮೂರು ವರ್ಷದ ಹಿಂದೆ ಎಲ್ಲಿಯೋ ತರಬೇತಿಗೆ ಹೋಗಿ ಬಂದು ಶುರು ಹಚ್ಚಿಕೊಂಡ. ವರ್ಷದ ಮೊದಲ ದಿನ ಬೆಳಗ್ಗೆ ಎಲ್ಲರೂ ಸಾಲಾಗಿ ನಿಲ್ಲಬೇಕು. ಹೊಸ ವರ್ಷದಲ್ಲಿ ಏನನ್ನು ಸುಧಾರಿಸಿಕೊಳ್ಳುತ್ತೇನೆ ಎಂದು ಬರೆದ ಚೀಟಿಯನ್ನು ಗಟ್ಟಿಯಾಗಿ ಓದಿ ಗೋಡೆಗೆ ಅಂಟಿಸಬೇಕು. ಸುಧಾರಿಸಿಕೊಳ್ಳಬೇಕಾದವರು ಯಾವಾಗಲೂ ಉರುಳೆಯ ಈಚೆ ನಿಂತವರೇ. ಗಾಜಿನ ಬಾಗಿಲಿನ ಆಚೆ ಕೂತವರು ಒಂದು ವರ್ಷವೂ ಚೀಟಿ ಬರೆಯಲಿಲ್ಲ. ಬರೆಯಲು ಬಾರದ ಹೆಂಗಸರದ್ದನ್ನೆಲ್ಲ ಮುತ್ತಕ್ಕ ಬರೆದುಕೊಡುತ್ತಿದ್ದಳು. ಚೆನ್ನಾದ ಚೀಟಿಗೆ ಬಹುಮಾನವೂ ಇತ್ತು.

ಜೋಡಿಯಕ್ಕನ ಕೈ ಸುಟ್ಟ ಆ ವರ್ಷ ಬಹುಮಾನಕ್ಕೆಂದು ಒಂದು ಫ್ಲಾಸ್ಕು ತಂದಿಟ್ಟಿದ್ದರು. ಕೆಂಪು ಬಣ್ಣದ್ದು, ಮುಚ್ಚಳವೇ ಲೋಟ. ಜೋಡಿಯಕ್ಕ ಅದರ ಮೇಲೆ ಕಣ್ಣು ಹಾಕಿದಳು. “ನನ್ನ ಚೀಟಿಗೆ ಒಂದಿಷ್ಟು ಮಸಾಲೆ ಹಾಕಿ ಬರಿಯೇ,” ಅಂದಳು. ಮುತ್ತಕ್ಕ ಪೆನ್ನು ಕಚ್ಚಿ ಯೋಚಿಸಿ ಆ ಸಾಲು ಬರೆದಳು. ಬರೆದು ತಾನೇ ಓದಿಕೊಂಡಾಗ ಖುಷಿಯಾಗಿತ್ತು, ಅದನ್ನೂ ಮುಚ್ಚಿಡುವಂತಿಲ್ಲ. ಚೀಟಿ ಗೆದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಜೋಡಿಯಕ್ಕ ಫ್ಲಾಸ್ಕನ್ನು ಎತ್ತಿ ಹಿಡಿದು ಕೂಸಿನ ಹಾಗೆ ಆಡಿಸಿದಳು.

ಉರುಳೆಯ ಬಾಯಿಯ ಮುಂದೆ ಒಂದು ತಡೆಪಟ್ಟಿ ಇರುತ್ತದೆ. ಬೆರಳು ತಾಗಿದರೆ ಉರುಳೆ ಅಲ್ಲೇ ನಿಲ್ಲಬೇಕು, ಅದಕ್ಕೇ ಇಟ್ಟದ್ದು. ಆದರೆ ದಪ್ಪ ಅಂಚಿನ ಚಾದರ ತಾಗಿದರೂ ಅದು ನಿಂತುಬಿಡುತ್ತದೆ. ದಿನಕ್ಕೆ ಇಪ್ಪತ್ತು ಸಲ ನಿಂತರೆ ಕೆಲಸ ಸಾಗುವುದು ಹೇಗೆ ಎಂದು ಆ ವರ್ಷದ ನಡುವೆ ಒಂದು ದಿನ ಪಟ್ಟಿಯನ್ನು ಮೇಲಕ್ಕೆತ್ತಿ ತಂತಿಯಿಂದ ಬಿಗಿದು ಕಟ್ಟಿಸಿದರು. ಕಟ್ಟಿಸಿದವರು ಯಾವ ಸಂಕಲ್ಪವನ್ನೂ ಬರೆದು ಅಂಟಿಸಿರಲಿಲ್ಲ. ಎಂಟನೇ ತಿಂಗಳಲ್ಲಿ ಉರುಳೆಯನ್ನು ತಿರುಗಿಸುವ ಬೆಲ್ಟು ಸಡಿಲವಾಯಿತು. ಸುತ್ತಿಗೊಮ್ಮೆ ಉರುಳೆ ತಡವರಿಸುವುದು, ಆಮೇಲೆ ಮರೆತದ್ದು ನೆನಪಾದವರ ಹಾಗೆ ಗಬಕ್ಕನೆ ಬಟ್ಟೆ ಎಳೆದುಕೊಳ್ಳುವುದು. ತಡವರಿಸುವಾಗ ಒಳಗೆಲ್ಲೋ ‘ಟೊಕ್’ ಎಂದು ನಾಲಿಗೆ ಲೊಟ್ಟೆ ಹೊಡೆದ ಶಬ್ದ. ನಾಲ್ಕನೇ ದಿನ ಜೋಡಿಯಕ್ಕನ ಮೂಲೆಯ ಜತೆ ಅವಳ ಕೈಯನ್ನೂ ಎಳೆದುಕೊಂಡಿತು.

ತಂತಿಯ ವಿಷಯ ವರದಿಯಲ್ಲಿ ಬರಲಿಲ್ಲ. ಬೆಲ್ಟಿನ ವಿಷಯವೂ ಬರಲಿಲ್ಲ. ‘ಕೈಯನ್ನು ನಿಲ್ಲಿಸದೆ ಕೆಲಸ ಮಾಡುವ ಆತುರದ ಸ್ವಭಾವ ಅವರಿಗೆ ಮೊದಲಿನಿಂದಲೂ ಇದ್ದು, ಅದನ್ನು ಅವರೇ ಬರಹದಲ್ಲಿ ತಿಳಿಸಿರುತ್ತಾರೆ’ ಎಂದು ಬಂತು.

ಈಗ ಮತ್ತೆ ವರ್ಷದ ಕೊನೆಯ ದಿನ. ಹಗಲಿನ ಪಾಳಿ ಮುಗಿಯುವ ಹೊತ್ತಿಗೆ ಸೂಪರ್‌ವೈಸರ್ ಬಂದು ಚಿನ್ನದ ಬಣ್ಣದ ಅಂಚಿದ್ದ ಹನ್ನೊಂದು ಚೀಟಿಗಳನ್ನು ಮುತ್ತಕ್ಕನ ಕೈಗೆ ಇಟ್ಟ.

“ಬರೆಯೋಕೆ ಬಾರದವರದ್ದೆಲ್ಲ ನಿಮ್ಮ ಪಾಲಿಗೇ, ಮುತ್ತಕ್ಕಾ. ನಿಮ್ಮ ಅಕ್ಷರ ಗೋಡೆಗೇ ಒಂದು ಕಳೆ.”

“ಈ ಸಲ ಬೇಡ ಸಾರ್. ಕೈ ನೋವು.”

“ನಾಲ್ಕು ಸಾಲು ಬರೆಯೋಕೆ ಎಂಥ ಕೈ ನೋವು? ನಾಳೆ ಎಂಟಕ್ಕೆ ಓದಬೇಕು. ನಿಮ್ಮ ಹೊಸ ಜೋಡಿದು ಮಾತ್ರ ಮರೀಬೇಡಿ. ಅವರದ್ದು ಮೊದಲನೇ ಚೀಟಿ, ಜೋರಾಗಿರ್ಲಿ.”

ಹೊಸ ಜೋಡಿ ಪಕ್ಕದಲ್ಲೇ ನಿಂತಿದ್ದಳು. ನಲವತ್ತರ ಹೆಂಗಸು, ಬಂದು ಮೂರು ವಾರವಾಗಿತ್ತು; ಅಲ್ಲಿಯ ತನಕ ದಿನಕ್ಕೊಬ್ಬಳು ಆ ಮೂಲೆ ಹಿಡಿಯುತ್ತಿದ್ದಳು. ಅವಳ ಜಗ್ಗಿಗೆ ಮುತ್ತಕ್ಕನ ಕೈ ಇನ್ನೂ ಒಗ್ಗಿರಲಿಲ್ಲ. ಸೂಪರ್‌ವೈಸರ್ ಆಚೆ ಹೋದ ಮೇಲೆ ಅವಳು ಕೇಳಿದಳು:

“ಅಕ್ಕಾ, ಚೀಟಿಗೆ ನಾನೇನು ಹೇಳ್ಬೇಕು?”

“ನಿನಗೇನು ಅನ್ಸುತ್ತೆ?”

“ನನಗೆ ಬೆಳಗ್ಗಿಂದ ಅನ್ಸೋದು ಒಂದೇ. ಈ ಯಂತ್ರ ಯಾಕೋ ಲೊಟ್ಟೆ ಹೊಡೀತಿದೆ.”

ಆಗ ಬಿಗಿ ಮಾಡಿಸಿದ್ದ ಬೆಲ್ಟು ಮತ್ತೆ ಸಡಿಲವಾದದ್ದು ಬೆಳಗ್ಗಿಂದ ಮುತ್ತಕ್ಕನಿಗೂ ಕೇಳಿಸುತ್ತಿತ್ತು. ಕೇಳಿಸಿದ್ದನ್ನು ಕಿವಿಯ ಮೇಲೆ ಹಾಕಿಕೊಳ್ಳದಿರುವುದಕ್ಕೆ ಬೆಳಗ್ಗಿಂದ ಹೆಣಗಾಡುತ್ತಿದ್ದಳು. ತಲೆ ಎತ್ತಿ ನೋಡಿದಳು. ತಡೆಪಟ್ಟಿಯ ತಂತಿ ಕಟ್ಟಿದಲ್ಲೇ ಇತ್ತು, ಅದರ ಮೇಲೆ ಬಟ್ಟೆಯ ನಾರು ಗಡ್ಡದ ಹಾಗೆ ಬೆಳೆದಿತ್ತು.

ಕೆಲಸ ಮುಗಿಸಿ ಮುತ್ತಕ್ಕ ಮನೆಗೆ ಹೋಗಲಿಲ್ಲ, ಜೋಡಿಯಕ್ಕನ ಮನೆಗೆ ಹೋದಳು. ಎರಡನೇ ಮಹಡಿ, ಹೊರಮೆಟ್ಟಿಲು. ನಾಲ್ಕು ತಿಂಗಳಿಂದ ಆ ಮೆಟ್ಟಿಲ ಬುಡದ ತನಕ ಬಂದು ವಾಪಸು ಹೋದದ್ದು ಎಷ್ಟು ಸಲವೋ. ಈ ಸಲ ಹತ್ತಿದಳು.

“ಬಾರೇ, ಬಹುಮಾನದವಳೇ,” ಎಂದಳು ಜೋಡಿಯಕ್ಕ, ಬಾಗಿಲಲ್ಲೇ. ಮುಖದಲ್ಲಿ ನಗುವಿತ್ತು, ದನಿಯಲ್ಲಿ ಇರಲಿಲ್ಲ. “ಕೂತ್ಕೋ. ಟೀ ಇದೆ. ಬೆಳಗ್ಗೆ ಮಗಳು ಹಾಕಿಟ್ಟು ಹೋಗಿದಾಳೆ. ಮುಚ್ಚಳ ನೀನೇ ತೆಗೀಬೇಕು, ನನ್ನ ಕೈಲಾಗಲ್ಲ.”

ಅದೇ ಕೆಂಪು ಫ್ಲಾಸ್ಕು. ಜೋಡಿಯಕ್ಕ ಅದನ್ನು ಎಡತೋಳಲ್ಲಿ ಅವುಚಿಕೊಂಡು ಮುಂದಕ್ಕೆ ಹಿಡಿದಳು. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿ, ಮಡಿಸಿಟ್ಟ ಕರವಸ್ತ್ರದ ಹಾಗಿದ್ದವು. ಮುತ್ತಕ್ಕ ಮುಚ್ಚಳ ತಿರುಗಿಸಿದಳು. ಅದು ಬೇಗ ಬರಲಿಲ್ಲ.

“ಬಿಗಿಯಾಗಿದೆ ಅಕ್ಕಾ.”

“ಗಟ್ಟಿ ಮಾಲು. ನಿನ್ನ ಅಕ್ಷರದ ಹಾಗೆ. ವರದಿಯಲ್ಲಿ ಸೇರಿಸಿದ್ರಲ್ಲ, ಮಗಳು ಓದಿ ತೋರಿಸಿದ್ಲು. ಎಷ್ಟು ಚೆನ್ನಾಗಿ ಬರೆದಿದಾರಮ್ಮ ಅಂದ್ಲು.”

ಮುತ್ತಕ್ಕ ಟೀ ಬಗ್ಗಿಸಿದಳು. ಲೋಟದ ಅಂಚಿಗೆ ಬಂದದ್ದೂ ಗೊತ್ತಾಗದೆ ನೆಲಕ್ಕೆ ಚೆಲ್ಲಿತು.

“ತಪ್ಪಾಯ್ತು ಅಕ್ಕಾ.”

“ಟೀ ಚೆಲ್ಲಿದ್ದಕ್ಕಾ?”

“ಬರೆದದ್ದಕ್ಕೆ.”

“ಬರೆಸಿಕೊಂಡವಳು ನಾನು. ಮಸಾಲೆ ಹಾಕು ಅಂದವಳೂ ನಾನೇ.” ಜೋಡಿಯಕ್ಕ ಕಾಲಿನಿಂದ ಒರೆಸುವ ಬಟ್ಟೆ ಎಳೆದು ಟೀ ಮೇಲೆ ಹಾಕಿದಳು. “ಚೀಟಿ ಬರೆದದ್ದಕ್ಕೆ ನಾನು ನಿನ್ನ ಮೇಲೆ ಸಿಟ್ಟು ಮಾಡ್ಕೊಂಡಿಲ್ಲ. ಬೇರೆ ಒಂದಕ್ಕೆ ಮಾಡ್ಕೊಂಡಿದೀನಿ, ಅದನ್ನ ನೀನು ಯಾವತ್ತೂ ಕೇಳ್ಲಿಲ್ಲ. ಆ ನಾಲ್ಕು ದಿನ ಶಬ್ದ ನಿನಗೆ ಕೇಳಿಸಿತ್ತಾ, ಇಲ್ವಾ?”

ಮುತ್ತಕ್ಕ ಬಗ್ಗಿ ನೆಲದ ಟೀ ಒರೆಸತೊಡಗಿದಳು.

“ಕೇಳಿಸಿತ್ತು. ನಿನ್ನ ಮೂಲೆ ನಡುಗ್ತಿತ್ತು, ನನ್ನ ಮೂಲೆಗೆ ಗೊತ್ತಾಗ್ತಿತ್ತು. ನಾನೂ ಹೆದರಿದ್ದೆ, ನಿನಗೂ ಗೊತ್ತಾಗಿರುತ್ತೆ. ಇಬ್ಬರ ಕೈಗೂ ಗೊತ್ತಿತ್ತು ಕಣೇ. ಕೈ ಹಿಂದಕ್ಕೆ ಬರ್ತೀನಿ ಅಂತಿತ್ತು. ನಾವು ಗೋಡೆ ನೋಡ್ಕೊಂಡು ಮುಂದಕ್ಕೆ ತಳ್ಳಿದ್ವಿ. ಎಲ್ಲರ ಮುಂದೆ ಓದಿ ಚಪ್ಪಾಳೆ ತಟ್ಟಿಸ್ಕೊಂಡಿದ್ವಲ್ಲ, ಕೈ ನಿಲ್ಲಲ್ಲ ಅಂತ. ಈಗ ಈ ಕೈಗೆ ಒಂದೂ ಗೊತ್ತಾಗಲ್ಲ. ಬಿಸಿನೂ ಗೊತ್ತಾಗಲ್ಲ, ತಣ್ಣಗೂ ಗೊತ್ತಾಗಲ್ಲ. ಗೊತ್ತಾಗ್ತಿದ್ದಾಗ ಕೇಳ್ಲಿಲ್ಲ, ಅದಕ್ಕೆ.”

“ನಾಳೆಗೆ ಮತ್ತೆ ಬರೀಬೇಕಂತೆ. ಹನ್ನೊಂದು.”

“ಬರಿ. ನಿನ್ನನ್ನ ಬೇಡ ಅನ್ನೋಕೆ ನಾನ್ಯಾರು? ಅಲ್ಲಿ ಈಗ ನನಗೆ ಮೂಲೆಯೂ ಇಲ್ಲ.” ಜೋಡಿಯಕ್ಕ ಲೋಟ ಎಡಗೈಲಿ ಎತ್ತಿಕೊಂಡಳು. “ನನ್ನ ಜಾಗಕ್ಕೆ ಬಂದವಳು ಹೇಗಿದಾಳೆ?”

“ಯಂತ್ರ ಲೊಟ್ಟೆ ಹೊಡೀತಿದೆ ಅಂದ್ಲು.”

ಜೋಡಿಯಕ್ಕ ಲೋಟ ಬಾಯಿಗೆ ಇಡದೆ ಹಾಗೇ ಹಿಡಿದುಕೊಂಡಳು.

ಮನೆಗೆ ಬಂದು ಮುತ್ತಕ್ಕ ದೀಪ ಹಾಕಿ ಚೀಟಿಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡಳು. ಗಂಡ ಬಸ್ ಕಂಡಕ್ಟರ್; ಆಗತಾನೆ ಪಾಳಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದ. ಪ್ರತಿ ವರ್ಷ ಬೀಡಿ ಬಿಡುತ್ತೇನೆ ಎಂದು ಸಂಕಲ್ಪ ಮಾಡಿ ಮೂರನೇ ತಾರೀಖಿಗೆ ಹಚ್ಚುವ ಮನುಷ್ಯ.

“ಬರೆದು ಬಿಸಾಕೇ. ಚೀಟಿಗೆ ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ? ನಾನು ಮಾಡೋ ಸಂಕಲ್ಪ ಮೂರು ದಿನಾನೂ ಬಾಳಲ್ಲ, ನನಗೇನಾಗಿದೆ?”

“ನಿಮ್ಮದನ್ನ ಯಾರೂ ಪಿನ್ನು ಹಾಕಿ ಇಟ್ಕೊಳ್ಳಲ್ಲ, ಅದಕ್ಕೆ ಏನೂ ಆಗಿಲ್ಲ.”

“ಅಪಾಯ ಇಲ್ಲದ್ದು ಏನಾದರೂ ಬರಿ ಹಾಗಾದರೆ.”

ಮುತ್ತಕ್ಕ ಹಳೆಯ ಕಾಗದದ ಹಿಂದೆ ಅಪಾಯ ಇಲ್ಲದ್ದನ್ನು ಹುಡುಕಿದಳು. ‘ಸಮಯಕ್ಕೆ ಸರಿಯಾಗಿ ಬರುತ್ತೇನೆ’ ಎಂದು ಬರೆದಳು. ಓದಿದಳು. ಬರೆದ ಸಾಲಿನ ಕೆಳಗೆ ವರದಿಯ ಸಾಲು ತಾನಾಗಿ ಮೂಡಿತು: ತಡವಾಗಿ ಬಂದು ಗಡಿಬಿಡಿಯಲ್ಲಿ ಕೆಲಸ ಮಾಡುವ ಅಭ್ಯಾಸ ಇದ್ದುದನ್ನು ಅವರೇ ಒಪ್ಪಿರುತ್ತಾರೆ. ಹೊಡೆದು ಹಾಕಿದಳು. ‘ಎಚ್ಚರದಿಂದ ಕೆಲಸ ಮಾಡುತ್ತೇನೆ’ ಎಂದು ಬರೆದಳು. ಎಚ್ಚರದಿಂದ ಇರುವುದಾಗಿ ಮಾತು ಕೊಟ್ಟಿದ್ದೂ ಎಚ್ಚರ ತಪ್ಪಿರುತ್ತಾರೆ. ಹೊಡೆದು ಹಾಕಿದಳು. ‘ನಗುನಗುತ್ತಾ ಇರುತ್ತೇನೆ.’ ಕೆಲಸದ ವೇಳೆ ನಗುವುದರಲ್ಲಿ ಮೈಮರೆತು. ‘ನೀರು ಹೆಚ್ಚು ಕುಡಿಯುತ್ತೇನೆ.’ ಪದೇ ಪದೇ ಜಾಗ ಬಿಟ್ಟು ಹೋಗಿ. ‘ಎಲ್ಲರೊಂದಿಗೆ ಹೊಂದಿಕೊಂಡು ಹೋಗುತ್ತೇನೆ.’ ಇಷ್ಟು ಕಾಲ ಹೊಂದಿಕೊಳ್ಳದೆ.

ಯಾವ ಸಾಲನ್ನು ಮುಟ್ಟಿದರೂ ಒಳಗಿನಿಂದ ಅದೇ ವರದಿ ಹಲ್ಲು ಕಿರಿಯುತ್ತಿತ್ತು. ಪೆನ್ನಿನ ಮೂತಿ ಕಾಗದ ಹರಿದು ಮೇಜಿಗೆ ನಾಟಿತು. ಅವಳಿಗೆ ಅಳುವೂ ಬರಲಿಲ್ಲ, ಬೈಯಲು ಯಾರೂ ಸಿಗಲಿಲ್ಲ. ಕೊನೆಗೆ ಗಂಡನನ್ನೇ ಬೈದಳು.

“ಕಾಲು ತೆಗೀರಿ ಅಲ್ಲಿಂದ. ಮನೆಯೇನು ನಿಮ್ಮ ಬಸ್ಸಿನ ಹಿಂದಿನ ಸೀಟಾ?”

ಅವನು ಕಾಲು ಎಳೆದುಕೊಂಡ.

“ಬರೀಲಿಲ್ಲ ಅಂತ ಅವರು ನಿನ್ನ ತೆಗೆದು ಹಾಕಿದರೆ?”

“ಹಾಕಬಹುದು.”

“ಬೇರೆ ಲಾಂಡ್ರಿ ಎಲ್ಲಿದೆ ಈ ಕಡೆ?”

“ಇಲ್ಲ ಅಂತ ನನಗೂ ಗೊತ್ತು ರೀ. ಗೊತ್ತಿರೋದನ್ನೇ ಎಷ್ಟು ಸಲ ಹೇಳ್ತೀರಿ?”

‘ಗೊತ್ತಿರೋದನ್ನೇ’ ಎಂದ ಮಾತು ಅವಳನ್ನೇ ತಡೆದು ನಿಲ್ಲಿಸಿತು. ಬಲಗೈ ಮೇಜಿನ ಮೇಲೆ ಬಿದ್ದಿತ್ತು. ಒಂಬತ್ತು ವರ್ಷ ಬಿಸಿ ಉರುಳೆಯ ಮುಂದೆ ನಿಂತ ಕೈ. ಚಾದರ ಇನ್ನೂ ಒದ್ದೆ ಇದೆಯೋ ಆರಿದೆಯೋ ಅದಕ್ಕೆ ನೋಡದೆ ತಿಳಿಯುತ್ತದೆ. ಯಾವ ಬಟ್ಟೆ ಮುಂದಿನ ಒಗೆತಕ್ಕೆ ಹರಿಯುತ್ತದೆ ಎಂದು ತಿಳಿಯುತ್ತದೆ. ಆಚೆ ಮೂಲೆಯವಳ ಸಿಟ್ಟು, ದಣಿವು, ಹೆದರಿಕೆ ತಿಳಿಯುತ್ತದೆ. ಇಷ್ಟೆಲ್ಲ ತಿಳಿದ ಕೈಯನ್ನು ಅವಳು ವರ್ಷ ವರ್ಷವೂ ತಿದ್ದಿಕೊಳ್ಳುತ್ತೇನೆ, ಸುಧಾರಿಸಿಕೊಳ್ಳುತ್ತೇನೆ ಎಂದು ಬರೆದು ಅವಮಾನ ಮಾಡುತ್ತ ಬಂದಿದ್ದಳು. ನಿನಗೇನು ಗೊತ್ತು ಎಂದು ಅದನ್ನು ಒಂದು ಸಲವೂ ಕೇಳಿರಲಿಲ್ಲ.

ಅವಳು ಹನ್ನೊಂದು ಚೀಟಿಗಳನ್ನು ಜೋಡಿಸಿ, ಅಂಚು ಸರಿಮಾಡಿ, ಚೀಲಕ್ಕೆ ಹಾಕಿದಳು. ಪೆನ್ನಿನ ಮುಚ್ಚಳ ಹಾಕಿದಳು. ನೆಮ್ಮದಿ ಏನೂ ಆಗಲಿಲ್ಲ. ಸಿಟ್ಟು ಹಾಗೇ ಇತ್ತು, ಆದರೆ ಅದು ಯಾರ ಮೇಲಿನದು ಎಂಬುದು ಸರಿಯಾಗಿ ತಿಳಿದಿತ್ತು.

ಬೆಳಗ್ಗೆ ಎಂಟಕ್ಕೆ ಎಲ್ಲರೂ ಉರುಳೆಯ ಮುಂದೆ ಸಾಲಾಗಿ ನಿಂತರು. ಹಬೆ ಏರುತ್ತಿತ್ತು. ಗೋಡೆಯಲ್ಲಿ ಕಳೆದ ವರ್ಷದ ಚೀಟಿಗಳನ್ನು ಕಿತ್ತ ಗುರುತುಗಳು. ಒಂದು ಕಡೆ ಮಾತ್ರ ಬಣ್ಣ ಬೇರೆ, ಅಲ್ಲಿಂದ ಕಿತ್ತ ಚೀಟಿ ಉಳಿದವಕ್ಕಿಂತ ಮೊದಲೇ ವರದಿಯ ಜತೆ ಹೋಗಿತ್ತು. ಈ ವರ್ಷದ ಬಹುಮಾನ ಗೋಡೆ ಗಡಿಯಾರ, ಮೇಜಿನ ಮೇಲೆ ಮಲಗಿತ್ತು.

ಬರೆಯಲು ಬರುವ ನಾಲ್ವರು ಓದಿದರು. ಒಬ್ಬಳು ಮಾತು ಕಡಿಮೆ ಮಾಡುತ್ತೇನೆ ಎಂದಳು, ಹಿಂದಿನಿಂದ ಯಾರೋ “ಹಾಗಾದ್ರೆ ನಮಗೆ ರಜೆ” ಎಂದರು, ಎಲ್ಲರೂ ನಕ್ಕರು. ಸೂಪರ್‌ವೈಸರ್ ಕೂಡ ನಕ್ಕ.

“ಈಗ ಮುತ್ತಕ್ಕ. ಕೊಡಿ.”

ಅವಳು ಚೀಟಿಗಳ ಕಟ್ಟನ್ನು ಕೊಟ್ಟಳು. ಅವನು ಮೊದಲನೆಯದನ್ನು ತಿರುಗಿಸಿ ನೋಡಿದ. ಎರಡನೆಯದು. ಆಮೇಲೆ ಎಲ್ಲವನ್ನೂ ಇಸ್ಪೀಟಿನ ಎಲೆಗಳಂತೆ ಬಿಡಿಸಿದ.

“ಇದೇನು, ಖಾಲಿ?”

“ಹೌದು ಸಾರ್.”

“ಮರೆತ್ರಾ?”

“ಇಲ್ಲ. ಪೂರ್ತಿ ಸಂಜೆ ಕೂತಿದ್ದೆ.”

ನಗು ನಿಂತಿತು. ಅವನು ಹತ್ತಿರ ಬಂದು ದನಿ ತಗ್ಗಿಸಿದ.

“ಮುತ್ತಕ್ಕಾ, ಹೋಗ್ಲಿ ಬಿಡಿ. ಉಳಿದವರದ್ದು ಆಮೇಲೆ ನೋಡೋಣ. ಹೊಸಬಳದ್ದು ಒಂದು ಬರೆದುಕೊಡಿ. ಕಡತಕ್ಕೆ ಬೇಕು.”

“ಯಾವ ಕಡತಕ್ಕೆ?”

“ಅವರ ಕಡತಕ್ಕೆ.”

“ಬೆಲ್ಟಿಗೆ ಕಡತ ಇದೆಯಾ ಸಾರ್? ಆ ತಂತಿಗೆ?”

ಸಾಲಿನಲ್ಲಿದ್ದವರ ತಲೆಗಳು ಒಂದೊಂದಾಗಿ ಮೇಲಕ್ಕೆ, ತಂತಿಯ ಕಡೆ ಎದ್ದವು. ಅವನು ನೋಡಲಿಲ್ಲ. ಚೀಟಿಗಳನ್ನು ಮೇಜಿನ ಮೇಲೆ, ಗಡಿಯಾರದ ಪಕ್ಕ ಎಸೆದ. ನೀವು ಎಂಬುದು ಅಲ್ಲಿಗೆ ಮುಗಿಯಿತು.

“ಹೊಸ ವರ್ಷದ ದಿನ ಬೇಡ ಅಂತ ಸುಮ್ಮನಿದೀನಿ. ನಿನ್ನ ಹಣೆಬರಹ ನಾಳೆ ನೋಡ್ತೀನಿ. ಹೋಗಿ ನಿಂತ್ಕೋ. ಎಲ್ಲರೂ ಹೋಗಿ, ಕೆಲಸ ಶುರು ಮಾಡಿ.”

ಗುಂಡಿ ಒತ್ತಿದರು. ಉರುಳೆ ತಿರುಗಿತು. ಮುತ್ತಕ್ಕ ತನ್ನ ಜಾಗದಲ್ಲಿ ನಿಂತು, ಗಾಡಿಯಿಂದ ಮೊದಲನೇ ಚಾದರ ಎಳೆದು ಒಂದು ಮೂಲೆಯನ್ನು ಹೊಸಬಳ ಕಡೆ ಬೀಸಿದಳು. ಹೊಸಬಳು ಹಿಡಿದಳು. ಇಬ್ಬರೂ ಜಗ್ಗಿದರು. ಮೂರು ವಾರದಲ್ಲಿ ಮೊದಲ ಸಲ ಆ ಜಗ್ಗು ಮುತ್ತಕ್ಕನ ಕೈಗೆ ಪೂರ್ತಿ ತಿಳಿಯಿತು. ಆಚೆ ಮೂಲೆ ಸಣ್ಣಗೆ ನಡುಗುತ್ತಿತ್ತು.

ಟೊಕ್. ಉರುಳೆ ತಡವರಿಸಿತು, ಗಬಕ್ಕನೆ ಮುಂದಕ್ಕೆ ಹೋಯಿತು.

ಮುತ್ತಕ್ಕ ಉರುಳೆಯ ಬಾಯಿಂದ ಒಂದು ಗೇಣು ದೂರದಲ್ಲಿ ಚಾದರ ಹಿಡಿದುಕೊಂಡು ನಿಂತಳು. ಟೊಕ್. ಒಂದು ಹೆಜ್ಜೆ ಹಿಂದಕ್ಕೆ ಬಂದಳು. ಬಟ್ಟೆ ಓರೆಯಾಯಿತು, ಆಚೆಯವಳು ಅವಳನ್ನು ನೋಡಿ, ತಾನೂ ಒಂದು ಹೆಜ್ಜೆ ಹಿಂದಕ್ಕೆ ಬಂದಳು. ಬಟ್ಟೆ ಮತ್ತೆ ನೇರವಾಯಿತು. ಉರುಳೆ ಬರಿದೇ ತಿರುಗುತ್ತಿತ್ತು.

“ಏನು ನೋಡ್ತಿದೀಯ?” ಸೂಪರ್‌ವೈಸರ್ ಅಲ್ಲಿಂದಲೇ ಕೂಗಿದ. “ಒಳಗೆ ಹಾಕು.”

“ತಂತಿ ಬಿಚ್ಚಿಸಿ ಪಟ್ಟಿ ಇಳಿಸಿ. ಹೊಸ ಬೆಲ್ಟು ಹಾಕಿಸಿ.”

“ಮಧ್ಯಾಹ್ನ ನೋಡ್ತೀನಿ. ಈಗ ಹಾಕು. ಆಸ್ಪತ್ರೆ ಗಾಡಿ ಬರುತ್ತೆ ಹತ್ತಕ್ಕೆ.”

ಮುತ್ತಕ್ಕ ಚಾದರದ ತನ್ನ ಮೂಲೆಯನ್ನು ಹೊಸಬಳ ಮೂಲೆಗೆ ತಂದು ಸೇರಿಸಿದಳು. ಒದ್ದೆ ಬಟ್ಟೆಯನ್ನು ಇಬ್ಬರೂ ಎರಡು ಮಡಿಕೆ ಮಾಡಿದರು, ನಾಲ್ಕು ಮಾಡಿದರು. ಮುತ್ತಕ್ಕ ಅದನ್ನು ವಾಪಸು ಗಾಡಿಗೆ ಇಟ್ಟು, ಕೈ ಎರಡನ್ನೂ ಸೀರೆಗೆ ಒರೆಸಿಕೊಂಡಳು.

“ನಿನಗೆ ಹೇಳಿದ್ದು ಕೇಳಿಸ್ತಾ? ಹಾಕು ಅಂದೆ.”

“ಕೇಳಿಸ್ತು ಸಾರ್,” ಎಂದಳು ಮುತ್ತಕ್ಕ. “ಹಾಕಲ್ಲ.”